ಬನ್ನಿಯೆಂದು ತಂದದ್ದು ಬಳ್ಳಾರಿ ಜಾಲಿ

ಕಳೆದ ವಿಜಯದಶಮಿಯಂದು ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ. ಸಂಘದ ಬಂಧುಗಳು ಸಂಜೆ ಒಂದೆಡೆ ಸೇರುವವರಿದ್ದರು. ಬನ್ನಿಯ ಸೊಪ್ಪು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಿಲ್ಲಿಯಲ್ಲಿ ಬನ್ನಿಯನ್ನು ಎಲ್ಲಿಂದ ತರುವುದು? ಆರ್.ಕೆ.ಪುರಂನಿಂದ ಹೊರಟು ಮುನಿರ್ಕಾ ದಾಟಿ ವಸಂತ ವಿಹಾರದ ಹಿಂದಿನ ಗುಡ್ಡದ ಕಡೆಗೆ ನಡೆದೆ. ಗೋಡೆಯಾಚೆಯಿಂದ ರಸ್ತೆಗೆ ಬಾಗಿದ್ದ ಒಂದು ಮುಳ್ಳುಮರ ಕಂಡಿತು. ಹುಣಿಸೆಯಂಥ ಸಣ್ಣ ಎಲೆ, ಕೊಂಬೆಯಲ್ಲಿ ಮುಳ್ಳು. ಇನ್ನೇನು ಬೇಕು, ಬನ್ನಿಯೇ ಸರಿ ಎಂದು ಚೀಲ ತುಂಬಿಸಿಕೊಂಡು ಬಂದೆ. ವಿಜಯಪುರದ ಕಡೆಯ ಹಿರಿಯರೊಬ್ಬರು ಚೀಲದಿಂದ ಒಂದು ಕಡ್ಡಿ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ತಿರುಗಿಸಿ ನೋಡಿದರು. "ಇದು ಬನ್ನಿ ಅಲ್ಲೋ ತಮ್ಮಾ, ಬಳ್ಳಾರಿ ಜಾಲಿ. ಇದನ್ನ ಬಂಗಾರ ಅಂತ ಕೊಟ್ಟರ ಕೈಗೆ ಮುಳ್ಳು ಚುಚ್ಚತೈತಿ" ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ಕೂತು ಯೋಚಿಸಿದಾಗ, ಇದು ನನ್ನೊಬ್ಬನ ಅಜ್ಞಾನವಲ್ಲ, ಈ ರಾಜಧಾನಿಗೇ ಅಂಟಿಕೊಂಡಿರುವ ಅಜ್ಞಾನ ಎಂದು ತೋರಿತು. ದಿಲ್ಲಿಯ ನೆತ್ತಿಯ ಮೇಲಿರುವ ಕಾಡಿನ ಬಹುಪಾಲು ಇದೇ ಒಂದು ಮರ. ಅದು ಈ ಮಣ್ಣಿನದಲ್ಲ, ಈ ಖಂಡದ್ದೂ ಅಲ್ಲ. ನಾವು ಅದನ್ನು ದಿನವೂ ಬಸ್ಸಿನ ಕಿಟಕಿಯಿಂದ ನೋಡಿ ಹಸಿರು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಸರ್ಕಾರವೂ ಹಸಿರು ಎಂದೇ ಲೆಕ್ಕ ಬರೆದುಕೊಳ್ಳುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಹಿರಿಯರು ಅಂದು ನನಗೆ ಕಲಿಸಿದ್ದನ್ನು, ಆಮೇಲೆ ನಾನು ಮರದ ಮುಂದೆ ನಿಂತು ನೋಡಿ ತಿಳಿದದ್ದನ್ನು ಹೇಳುತ್ತೇನೆ. ಮೊದಲು ಮುಳ್ಳನ್ನು ನೋಡಬೇಕು. ಬಳ್ಳಾರಿ ಜಾಲಿಯಲ್ಲಿ ಎಲೆ ಹುಟ್ಟುವ ಗೆಣ್ಣಿನ ಬಳಿ ಮುಳ್ಳುಗಳು ಸಾಮಾನ್ಯವಾಗಿ ಜೋಡಿಯಾಗಿ, ಬಿಗಿಯಾಗಿ, ಉದ್ದವಾಗಿ ನಿಂತಿರುತ್ತವೆ. ಬನ್ನಿಯ ಮುಳ್ಳು ಮೋಟು. ಬುಡ ಅಗಲ, ತುದಿ ಚೂಪು. ಗೆಣ್ಣಿಗೂ ಗೆಣ್ಣಿಗೂ ನಡುವೆ ಯಾರೋ ಎರಚಿದಂತೆ ಅಲ್ಲೊಂದು ಇಲ್ಲೊಂದು ಇರುತ್ತದೆ. ಜಾಲಿಯ ಕೊಂಬೆ ಪ್ರತಿ ಗೆಣ್ಣಿನಲ್ಲಿಯೂ ಅತ್ತ ಒಮ್ಮೆ ಇತ್ತ ಒಮ್ಮೆ ಸೊಟ್ಟಗೆ ತಿರುಗುತ್ತ ಹೋಗುತ್ತದೆ. ಇನ್ನು ನಮ್ಮ ಊರಿನ ಕರಿಜಾಲಿಯೊಡನೆ, ಅಂದರೆ ಗೊಬ್ಬಳಿಯೊಡನೆ, ಇದನ್ನು ಬೆರೆಸುವವರು ಬಹಳ ಮಂದಿ. ಅದಕ್ಕೆ ಹೂವೇ ಸಾಕ್ಷಿ. ಕರಿಜಾಲಿಯ ಹೂವು ಹಳದಿಯ ಗುಂಡು ಚೆಂಡು. ಇದರದ್ದು ಬೆರಳುದ್ದದ ಹಸಿರು-ಹಳದಿ ತೆನೆ. ಕರಿಜಾಲಿಯ ಕಾಯಿ ಮಣಿ ಪೋಣಿಸಿದ ಸರದಂತೆ ನಡುನಡುವೆ ಕಿರಿದಾಗಿರುತ್ತದೆ. ಇದರದ್ದು ಚಪ್ಪಟೆ, ಮಾಗಿದಾಗ ಒಣಹುಲ್ಲಿನ ಬಣ್ಣ, ಕಚ್ಚಿದರೆ ಸಿಹಿ. ಒಣಗಿದರೂ ಬಿರಿಯುವುದಿಲ್ಲ. ಈ ಸಿಹಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದರಿಂದಲೇ ಕಥೆ ಬೆಳೆಯುತ್ತದೆ.

ಪುರಂದರದಾಸರ ಪದವೊಂದರಲ್ಲಿ ದುರ್ಜನರಿಗೆ ಜಾಲಿಮರದ ಹೋಲಿಕೆ ಬರುತ್ತದೆ. ದಾಸರು ಕಂಡ ಜಾಲಿ ನಮ್ಮ ನೆಲದ್ದು. ಅದಕ್ಕೆ ಆ ಮಾತು ಸ್ವಲ್ಪ ಕಠಿಣವೇ ಆಯಿತು. ಈ ಪರದೇಶಿ ಜಾಲಿ ದಾಸರ ಕಾಲದಲ್ಲಿ ಇಲ್ಲಿ ಇರಲಿಲ್ಲ.

ಅದು ಬಂದದ್ದು ಹೀಗೆ. ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ತೀರ, ಕೆರಿಬಿಯನ್ ದ್ವೀಪಗಳು ಇದರ ತವರು. ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಎಂಬ ಆಂಗ್ಲರ ಪ್ರಯತ್ನದಿಂದ 1877ರ ಸುಮಾರಿಗೆ ಕಡಪ ಜಿಲ್ಲೆಯಲ್ಲಿ ಇದನ್ನು ನೆಟ್ಟರು. ಒಣನಾಡಿನಲ್ಲಿ ಬೇಗ ಬೆಳೆಯುವ ಸೌದೆಯ ಮರ ಬೇಕಾಗಿತ್ತು, ಸಿಕ್ಕಿತು. ಬಳ್ಳಾರಿ ಆಗ ಅದೇ ಮದರಾಸು ಪ್ರಾಂತದಲ್ಲಿ ಕಡಪದ ನೆರೆಹೊರೆಯಾಗಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರಿನಲ್ಲಿ. ಮೈಸೂರು ಸೀಮೆಯವರಿಗೆ ಆ ದಿಕ್ಕಿನಿಂದ ಬಂದ ಮರ ಬಳ್ಳಾರಿ ಜಾಲಿಯಾಗಿರಬೇಕು. ಪಾಪ, ಬಳ್ಳಾರಿಯ ತಪ್ಪು ಇದರಲ್ಲಿ ಏನೂ ಇಲ್ಲ. ತೆಲುಗರು ಇದನ್ನು ಸರ್ಕಾರು ತುಮ್ಮ ಎನ್ನುತ್ತಾರೆ, ಸರ್ಕಾರ ನೆಟ್ಟ ಜಾಲಿ ಎಂದು. ತಮಿಳರಿಗೆ ಸೀಮೆ ಕರುವೇಲಂ, ದಿಲ್ಲಿಯವರಿಗೆ ವಿಲಾಯತಿ ಕೀಕರ್, ಗುಜರಾತಿನ ಕಛ್ ಪ್ರಾಂತದವರಿಗೆ ಗಾಂಡೊ ಬಾವಳ್, ಎಂದರೆ ಹುಚ್ಚು ಜಾಲಿ. ಶಾಸ್ತ್ರಜ್ಞರು ಪ್ರೊಸೊಪಿಸ್ ಜೂಲಿಫ್ಲೋರಾ ಎನ್ನುತ್ತಿದ್ದರು. 2022ರಲ್ಲಿ ಆ ಕುಲವನ್ನು ಒಡೆದು ಇದಕ್ಕೆ ನೆಲ್ಟುಮಾ ಎಂಬ ಹೊಸ ಮನೆತನದ ಹೆಸರು ಕೊಟ್ಟರು. ಬನ್ನಿ ಮಾತ್ರ ಪ್ರೊಸೊಪಿಸ್ ಆಗಿಯೇ ಉಳಿಯಿತು. ನೋಡಿ, ಪಾಂಡವರು ಆಯುಧ ಅಡಗಿಸಿಟ್ಟರೆಂದು ನಾವು ಪೂಜಿಸುವ ಮರಕ್ಕೂ ಈ ಹುಚ್ಚು ಜಾಲಿಗೂ ದಾಯಾದಿ ಸಂಬಂಧವುಂಟು. ನಾನು ಮೋಸಹೋದದ್ದರಲ್ಲಿ ಅಷ್ಟರ ಮಟ್ಟಿಗೆ ಆಶ್ಚರ್ಯವಿಲ್ಲ.

ದಿಲ್ಲಿಗೆ ಇದು ಬಂದದ್ದು ಹೊಸದಿಲ್ಲಿಯನ್ನು ಕಟ್ಟುತ್ತಿದ್ದ ಕಾಲದಲ್ಲಿ, 1915ರ ಸುಮಾರಿಗೆ. ಅರಾವಳಿ ಬೆಟ್ಟಸಾಲಿನ ಬಾಲ ದಿಲ್ಲಿಯೊಳಗೆ ಹೊಕ್ಕು ಯಮುನೆಯ ಕಡೆಗೆ ಮುಗಿಯುತ್ತದೆ; ಅದನ್ನೇ ಇಲ್ಲಿ ರಿಡ್ಜ್ ಎನ್ನುವುದು. ದನ ಮೇಯಿಸಿ, ಸೌದೆ ಕಡಿದು ಆ ಕಲ್ಲುಗುಡ್ಡ ಬೋಳಾಗಿತ್ತು. ವೈಸರಾಯರ ಅರಮನೆಯ ಹಿಂದೆ ಬೋಳುಗುಡ್ಡ ಇದ್ದರೆ ಚೆನ್ನವೆ? ಬೇಗ ಹಸಿರಾಗಬೇಕು, ನೀರು ಕೇಳಬಾರದು, ದನ ಮುಟ್ಟಬಾರದು. ಈ ಮೂರೂ ಗುಣ ಇದ್ದ ಮರವನ್ನು ತಂದು ನೆಟ್ಟರು. ಸಾಮ್ರಾಜ್ಯ ಹೋಗಿ ಎಷ್ಟೋ ವರ್ಷಗಳಾದವು. ಅವರು ನೆಟ್ಟ ಮರ ಹೋಗಲಿಲ್ಲ, ನಮ್ಮವರು ಅದನ್ನು ಇನ್ನಷ್ಟು ಬೆಳೆಸಿದರು. 1994ರಲ್ಲಿ ದಿಲ್ಲಿ ಸರ್ಕಾರ ರಿಡ್ಜಿನ ಸುಮಾರು 7,777 ಹೆಕ್ಟೇರ್ ನೆಲವನ್ನು ಕಾಯ್ದಿಟ್ಟ ಅರಣ್ಯವೆಂದು ಪ್ರಕಟಿಸಿತು. ಅದು ಒಳ್ಳೆಯ ಕೆಲಸ. ಆದರೆ ಆ ಅರಣ್ಯದ ಒಳಗೆ ಹೊಕ್ಕು ನೋಡಿದರೆ ಎಲ್ಲಿ ನೋಡಿದರಲ್ಲಿ ಇದೇ ಮರ.

ಅದರಿಂದ ಆಗುವ ಹಾನಿ ಏನು ಎಂದು ಕೇಳಬಹುದು. ಮರ ಮರವೇ ಅಲ್ಲವೆ, ನೆರಳು ಕೊಡುವುದಿಲ್ಲವೆ? ಜೂನ್ ತಿಂಗಳ ಬಿಸಿಲಿನಲ್ಲಿ ನಾನೂ ಹಾಗೆಯೇ ಎಣಿಸುತ್ತಿದ್ದೆ. ಆದರೆ ಒಂದು ಸಲ ಈ ಮರದ ಕೆಳಗೆ ಕುಳಿತು ನೆಲವನ್ನು ನೋಡಿರಿ. ಉದುರಿದ ಎಲೆಯ ಪುಡಿ, ಒಣಕಡ್ಡಿ, ಮುಳ್ಳು. ಹುಲ್ಲಿಲ್ಲ, ಬೇರೆ ಗಿಡದ ಸಸಿಗಳು ಬಲು ಅಪರೂಪ. ದಿಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಇಂದರ್‌ಜಿತ್ ಅವರೂ ಅವರ ಸಹೋದ್ಯೋಗಿಗಳೂ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಅವರು ಈ ಜಾಲಿಯ ನೆರಳಿನಲ್ಲಿಯೂ ಬನ್ನಿಯ ನೆರಳಿನಲ್ಲಿಯೂ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿದರು. ಭಾರತದಲ್ಲಿ ಜಾಲಿಯ ಕೆಳಗೆ ಬಯಲಿಗಿಂತ ಕಡಿಮೆ, ಬನ್ನಿಯ ಕೆಳಗೆ ಹೆಚ್ಚು. ಇನ್ನೂ ಸೋಜಿಗದ ಮಾತೆಂದರೆ, ಇದೇ ಜಾಲಿ ತನ್ನ ತವರಾದ ವೆನೆಜುವೆಲಾದಲ್ಲಿ ಅಷ್ಟು ಕಟುಕನಲ್ಲ. ಅಲ್ಲಿ ಅದರ ನೆರಳಿನಲ್ಲಿ ಬೇರೆ ಗಿಡಗಳು ಬಾಳುತ್ತವೆ. ಅಲ್ಲಿಯ ಗಿಡಗಳು ಲಕ್ಷಾಂತರ ವರ್ಷ ಅದರೊಡನೆ ಬಾಳಿ ಅದರ ಎಲೆಬೇರುಗಳ ವಿಷಕ್ಕೆ ಒಗ್ಗಿಹೋಗಿರಬೇಕು. ನಮ್ಮ ಮುತ್ತುಗಕ್ಕೂ ಎಲಚಿಗೂ ಆ ಪಾಠ ಆಗಿಲ್ಲ.

ಮುತ್ತುಗ, ಎಲಚಿ ಎಂದು ಸುಮ್ಮನೆ ಹೇಳಲಿಲ್ಲ. ರಿಡ್ಜಿನ ಮೂಲ ಕಾಡು ನಮ್ಮ ಒಣನಾಡಿನ ಕಾಡಿನ ನೆಂಟನೇ. ಇಲ್ಲಿಯವರು ಢಾಕ್ ಎನ್ನುವುದು ನಮ್ಮ ಮುತ್ತುಗ; ಬೇರ್ ಎಂದರೆ ಎಲಚಿ; ರೌಂಝ್ ಎಂದರೆ ನಮ್ಮ ಬಿಳಿಜಾಲಿ; ಹಿಂಗೋಟ್ ಎಂದರೆ ಇಂಗಳದ ಮರ; ಖೈರ್ ಎಂದರೆ ಕಗ್ಗಲಿ. ಚಿತ್ರದುರ್ಗದಿಂದಲೋ ಕೊಪ್ಪಳದಿಂದಲೋ ಬಂದ ನಮ್ಮವನೊಬ್ಬನನ್ನು ನೂರೈವತ್ತು ವರ್ಷ ಹಿಂದಿನ ದಿಲ್ಲಿಯ ಗುಡ್ಡದ ಮೇಲೆ ಬಿಟ್ಟಿದ್ದರೆ ಅವನಿಗೆ ಪರಸ್ಥಳವೆಂದು ಅನ್ನಿಸುತ್ತಲೇ ಇರಲಿಲ್ಲ. ಈಗ ಎರಡು ಕಡೆಯೂ ಒಂದೇ ಮರ. ಊರಿಗೆ ಹೋದಾಗ ನೋಡುತ್ತೇವಲ್ಲ: ಒಣಗಿದ ಕೆರೆಯ ಅಂಗಳ, ಹಳ್ಳದ ದಂಡೆ, ಗೋಮಾಳ, ರೈಲುಹಳಿಯ ಮಗ್ಗುಲು, ಎಲ್ಲ ಕಡೆಯೂ ಬಳ್ಳಾರಿ ಜಾಲಿ. ಕೆರೆಯ ಹೂಳಿನಲ್ಲಿ ಒಂದು ಸಲ ಬೇರೂರಿದರೆ ಆ ಕೆರೆಯ ಕಥೆ ಮುಗಿಯಿತು.

ಇದು ಹಬ್ಬುವ ಬಗೆ ಆ ಸಿಹಿಕಾಯಿಯಲ್ಲಿದೆ. ಎಲೆಯನ್ನು ಮುಟ್ಟದ ದನ ಕುರಿ ಮೇಕೆಗಳು ಕಾಯಿಯನ್ನು ಆಸೆಯಿಂದ ತಿನ್ನುತ್ತವೆ. ಇಲ್ಲಿ ನೀಲಗಾಯಿಯೂ ತಿನ್ನುತ್ತದೆ. ಸಿಹಿ ಅರಗುತ್ತದೆ, ಗಟ್ಟಿ ಚಿಪ್ಪಿನ ಬೀಜ ಅರಗದೆ ಸೆಗಣಿಯೊಡನೆ ಗೊಬ್ಬರದ ಸಮೇತ ಹೊಸ ನೆಲಕ್ಕೆ ಬೀಳುತ್ತದೆ. ಕಛ್‌ನ ದೊಡ್ಡ ಹುಲ್ಲುಗಾವಲಿನಲ್ಲಿ ಆದದ್ದು ಇದೇ. (ಆ ಹುಲ್ಲುಗಾವಲಿನ ಹೆಸರೂ ಬನ್ನಿ ಎಂದೇ, ಆದರೆ ಅದಕ್ಕೂ ನಮ್ಮ ಬನ್ನಿ ಮರಕ್ಕೂ ನಂಟಿಲ್ಲ.) ಉಪ್ಪು ನೆಲ ಮುಂದುವರಿಯದಂತೆ ತಡೆಯಲು 1961ರಲ್ಲಿ ಅಲ್ಲಿ ಇದನ್ನು ಬಿತ್ತಿದರು. ಅರಣ್ಯ ಇಲಾಖೆ ನೆಟ್ಟದ್ದನ್ನು ಎಮ್ಮೆಗಳು ಉಳಿದೆಡೆಗೆ ಹಂಚಿದವು. ಹುಲ್ಲನ್ನೇ ನಂಬಿದ್ದ ಮಾಲ್ಧಾರಿ ಪಶುಪಾಲಕರ ಹುಲ್ಲುಗಾವಲು ಅವರದೇ ಎಮ್ಮೆಗಳ ಮೂಲಕ ಮುಳ್ಳುಗಾಡಾಯಿತು. ಕೀನ್ಯಾ ದೇಶದ ಬರಿಂಗೊ ಸೀಮೆಯ ಕುರಿಗಾಹಿಗಳಂತೂ 2006ರಲ್ಲಿ ತಮ್ಮ ಸರ್ಕಾರದ ಮೇಲೆ ದಾವೆ ಹೂಡಿದರು. ಈ ಮರದ ಸಿಹಿಕಾಯಿ ತಿಂದು ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಕರೆತಂದದ್ದು ಲೋಕಪ್ರಸಿದ್ಧವಾಯಿತು. ಮೇಕೆಯ ಸಾಕ್ಷಿಯನ್ನು ಸುಳ್ಳೆನ್ನಲು ಯಾವ ವಕೀಲನಿಂದ ಸಾಧ್ಯ!

ಆದರೆ ನ್ಯಾಯವಾಗಿ ಮಾತನಾಡಬೇಕು. ಈ ಮರದ ಮೇಲೆ ಹೊರಿಸುವ ಎಲ್ಲ ಆಪಾದನೆಗಳೂ ನಿಜವಲ್ಲ. ಗಾಳಿಯೊಳಗಿನ ತೇವವನ್ನೆಲ್ಲ ಹೀರಿ ಮಳೆ ತಪ್ಪಿಸುತ್ತದೆ, ಪ್ರಾಣವಾಯುವನ್ನೇ ಬಿಡುವುದಿಲ್ಲ ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಅವು ಬರಿಯ ಕಟ್ಟುಕಥೆ. ಎಲೆ ಹಸಿರಿರುವ ಯಾವ ಮರವಾದರೂ ಪ್ರಾಣವಾಯು ಬಿಡುತ್ತದೆ. ಬೇರು ಆಳಕ್ಕೆ ಇಳಿಯುವುದು ಮಾತ್ರ ದಿಟ. ಇದರ ಬಳಗದ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 53 ಮೀಟರು ಆಳದಲ್ಲಿ ಕಂಡಿತ್ತು. ಹಾಗೆಯೇ ಇದರ ಉಪಕಾರವನ್ನೂ ಮರೆಯಬಾರದು. ಬೇಳೆಕಾಳಿನ ಜಾತಿಯದಾದ್ದರಿಂದ ಬೇರಿನ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಸವೆಯುವ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಸೌದೆ ಬಹಳ ಗಟ್ಟಿ; ನಿಧಾನವಾಗಿ, ಬಿಸಿಯಾಗಿ ಉರಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದರ ಇದ್ದಿಲು ಸುಟ್ಟು ಹೊಟ್ಟೆ ಹೊರೆಯುವ ಕುಟುಂಬಗಳು ಎಷ್ಟಿಲ್ಲ? ಇಲ್ಲಿಯೂ ಮುಂಜಾನೆ ರಿಡ್ಜಿನ ಅಂಚಿನಿಂದ ಒಣಕಟ್ಟಿಗೆಯ ಹೊರೆ ಹೊತ್ತು ಬರುವ ಹೆಂಗಸರನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಗ್ಯಾಸಿನ ಒಲೆ ಇರುತ್ತದೆ, ಸಿಲಿಂಡರು ತುಂಬಿಸಲು ಹಣವಿರುವುದಿಲ್ಲ. ಕಾವಲುಗಾರ ಬಂದರೆ ಅವರು ಕಳ್ಳರು. ಕಡಿಯಲೇಬೇಕಾದ ಮರದ ಕಡ್ಡಿ ಒಯ್ದವಳು ಕಳ್ಳಿ ಹೇಗಾದಾಳು ಎಂಬುದು ನನ್ನ ಬುದ್ಧಿಗೆ ಹೊಳೆಯದ ವಿಷಯ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಾವು ಮರಗಳನ್ನು ಎಣಿಸುತ್ತೇವೆ, ಗುರುತಿಸುವುದಿಲ್ಲ. 2018ರ ಜೂನಿನಲ್ಲಿ ನಮ್ಮ ನೆರೆಯ ಸರೋಜಿನಿ ನಗರ, ನೇತಾಜಿ ನಗರ, ಮೊಹಮ್ಮದ್‌ಪುರ ಮೊದಲಾದ ಏಳು ಸರ್ಕಾರಿ ವಸತಿಗಳನ್ನು ಕೆಡವಿ ಕಟ್ಟುವುದಕ್ಕಾಗಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮರ ಕಡಿಯುವ ಸುದ್ದಿ ಹಬ್ಬಿ, ಜನ ಬೀದಿಗಿಳಿದು ಮರಗಳನ್ನು ತಬ್ಬಿಕೊಂಡು ನಿಂತರು. ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಆ ಜನರು ಮಾಡಿದ್ದು ಸರಿ. ಅಲ್ಲಿದ್ದದ್ದು ಬೇವು, ನೇರಳೆ, ಅರಳಿಯ ಜಾತಿಯ ಹಳೆಯ ಮರಗಳು. ಆಗ ಅಧಿಕಾರಿಗಳು ಕೊಟ್ಟ ಸಮಾಧಾನವೇನು? ಒಂದಕ್ಕೆ ಹತ್ತು ನೆಡುತ್ತೇವೆ ಎಂದು. 1994ರ ದಿಲ್ಲಿ ವೃಕ್ಷ ಸಂರಕ್ಷಣಾ ಕಾಯಿದೆಯ ಕಣ್ಣಿಗೆ ಐವತ್ತು ವರ್ಷದ ಬೇವೂ ಮರ, ತಾನಾಗಿ ಹುಟ್ಟಿದ ವಿಲಾಯತಿ ಕೀಕರೂ ಮರ. ದೇಶದ ಅರಣ್ಯ ಸಮೀಕ್ಷೆಯ ಲೆಕ್ಕವೂ ಅಷ್ಟೆ: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ನೂರಕ್ಕೆ ಹತ್ತು ಪಾಲು ಮರದ ನೆರಳು ಇದ್ದರೆ, ಯಾವ ಜಾತಿಯಾದರೂ ಸರಿ, ಅದು ಅರಣ್ಯದ ಹೊದಿಕೆ. ಉಪಗ್ರಹಕ್ಕೆ ಹಸಿರು ಬಣ್ಣ ಕಾಣುತ್ತದೆಯೇ ಹೊರತು ಹೆಸರು ಕಾಣುವುದಿಲ್ಲ. ಹೀಗಾಗಿ ಹುಚ್ಚು ಜಾಲಿ ಹಬ್ಬಿದಷ್ಟೂ ನಮ್ಮ ರಾಜಧಾನಿಯ ಅರಣ್ಯ ವೃದ್ಧಿಯಾಯಿತೆಂದು ವರದಿ ಹೊರಡುತ್ತದೆ. ಗುಮಾಸ್ತೆಗಿರಿ ಮಾಡಿದ ನನಗೆ ಇಂಥ ಲೆಕ್ಕಗಳ ಪರಿಚಯ ಚೆನ್ನಾಗಿದೆ.

ಹಾಗೆಂದು ಬುಲ್ಡೋಜರ್ ತಂದು ಎಲ್ಲವನ್ನೂ ಒಂದೇ ಸಲ ಕಿತ್ತುಹಾಕಿ ಎನ್ನುವವರ ಜೊತೆಯಲ್ಲಿಯೂ ನಾನಿಲ್ಲ. ಮದರಾಸು ಹೈಕೋರ್ಟಿನ ಮಧುರೆ ಪೀಠದ ಆಜ್ಞೆಯ ಮೇಲೆ 2017ರಲ್ಲಿ ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಭರದಿಂದ ಕಡಿದರು. ಕಡಿಯುವುದರಿಂದ ಈ ಮರ ಸಾಯುವುದಿಲ್ಲ. ಬುಡ ಉಳಿದರೆ ಒಂದು ಕಾಂಡದ ಜಾಗದಲ್ಲಿ ಹಲವು ಚಿಗುರು ಏಳುತ್ತವೆ, ಮಣ್ಣಿನಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಕಾಯುತ್ತದೆ. 2022ರಲ್ಲಿ ಆ ರಾಜ್ಯ ಪರದೇಶಿ ಗಿಡಗಳನ್ನು ತೆಗೆದು ನೆಲವನ್ನು ಮರಳಿ ಕಾಡಾಗಿಸಲು ಒಂದು ನೀತಿಯನ್ನೇ ಹೊರಡಿಸಿತು. ಬರಿಯ ಕಡಿತ ಸಾಲದೆಂದು ಅನುಭವದಿಂದ ಕಲಿತಂತಾಯಿತು. ದಿಲ್ಲಿಯಲ್ಲಿ ಇನ್ನೊಂದು ಭಯವೂ ಉಂಟು. ನೆಲ ಬೋಳಾದರೆ ಅದರ ಮೇಲೆ ಯಾರ ಕಣ್ಣು ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. 2024ರ ಫೆಬ್ರವರಿಯಲ್ಲಿ ದಕ್ಷಿಣ ರಿಡ್ಜಿನಲ್ಲಿ ರಸ್ತೆ ಅಗಲ ಮಾಡಲು ನೂರಾರು ಮರಗಳನ್ನು ಅನುಮತಿಯಿಲ್ಲದೆ ಉರುಳಿಸಿದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೀಕರ್ ತಾನೆ, ಹೋದರೇನು ಎಂಬ ಮಾತು ಒಮ್ಮೆ ರೂಢಿಗೆ ಬಂದರೆ, ಅದರ ಮರೆಯಲ್ಲಿ ಗುಡ್ಡವೇ ಹೋದೀತು. ಮರ ಪರದೇಶದ್ದಾದರೂ ಅದು ನಿಂತಿರುವ ಕಲ್ಲು ಅರಾವಳಿಯದು. ಮಳೆನೀರನ್ನು ಒಳಗಿಳಿಸಿ ಈ ಊರಿನ ಅಂತರ್ಜಲ ತುಂಬುವ ಕಲ್ಲು ಅದು.

ಸರಿಯಾದ ದಾರಿ ದೂರವೇನೂ ಇಲ್ಲ. ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ವಸಂತ ವಿಹಾರದ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ಸುಮಾರು 690 ಎಕರೆ. ಹಿಂದೆ ಅದು ಗಣಿ ಅಗೆದು ಬಿಟ್ಟ ಹೊಂಡಗಳ ನೆಲ, ಮೇಲೆ ಇದೇ ಜಾಲಿಯ ಪೊದೆ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ದಿಲ್ಲಿ ವಿಶ್ವವಿದ್ಯಾಲಯದ ಪರಿಸರ ಕೇಂದ್ರವೂ ಕೂಡಿ, ಪ್ರಾಧ್ಯಾಪಕ ಸಿ.ಆರ್. ಬಾಬು ಅವರ ಮಾರ್ಗದರ್ಶನದಲ್ಲಿ, ಅಲ್ಲಿ ಕಾಡನ್ನು ಮರಳಿ ಕಟ್ಟಿದ್ದಾರೆ. ಅವರ ಕ್ರಮ ಗಮನಿಸತಕ್ಕದ್ದು. ಜಾಲಿಯನ್ನು ಬುಡದಿಂದ ಉರುಳಿಸದೆ ಮೊದಲು ಮೇಲಿನ ಕೊಂಬೆ ಸವರಿ ಬೆಳಕು ನೆಲಕ್ಕೆ ಬೀಳುವಂತೆ ಮಾಡುತ್ತಾರೆ. ಆ ಬೆಳಕಿನಲ್ಲಿ ಅರಾವಳಿಯ ಧೌ ಮೊದಲಾದ ನಾಡಮರಗಳನ್ನೂ ಹುಲ್ಲನ್ನೂ ಬಳ್ಳಿಯನ್ನೂ ನೆಡುತ್ತಾರೆ. ಅವು ತಲೆಯೆತ್ತಿ ನೆರಳು ಬೀರಿದಂತೆಲ್ಲ, ಬಿಸಿಲಿಲ್ಲದೆ ಬಾಳಲಾರದ ಜಾಲಿ ತಾನೇ ಸೋಲುತ್ತದೆ. ಹಕ್ಕಿಗೂಡಿಗೆ ಒಂದು ದಿನವೂ ಬಾಧೆಯಿಲ್ಲ, ನೆಲ ಒಂದು ದಿನವೂ ಬೋಳಾಗುವುದಿಲ್ಲ. ಆದರೆ ಇದಕ್ಕೆ ಹತ್ತು ಹದಿನೈದು ವರ್ಷ ಬೇಕು, ವರ್ಷವರ್ಷವೂ ಆಳು ಬೇಕು. ಕೇಂದ್ರ ರಿಡ್ಜಿನಲ್ಲಿಯೂ ಹೀಗೆಯೇ ಮಾಡುವೆವೆಂದು ದಿಲ್ಲಿ ಸರ್ಕಾರ 2018ರಲ್ಲಿಯೇ ಹೇಳಿತು. ಅಲ್ಲಿಂದ ಇಲ್ಲಿಗೆ ಎಷ್ಟು ವರ್ಷವಾಯಿತೆಂದು ಓದುಗರೇ ಬೆರಳು ಮಡಿಸಿ ಎಣಿಸಲಿ.

ಆಳು ಎಂದೆನಲ್ಲ, ಕಾರ್ಮಿಕರ ಪತ್ರಿಕೆಯಲ್ಲಿ ಅದನ್ನು ಹೇಳದೆ ಬಿಟ್ಟರೆ ನಾಚಿಕೆ. ಈ ಕೆಲಸ ಯಂತ್ರದಿಂದ ಆಗುವುದಲ್ಲ. ಸಸಿ ಯಾವುದು, ಕಳೆ ಯಾವುದು ಎಂದು ಗುರುತಿಸಿ, ಕೊಂಬೆ ಸವರಿ, ಬುಡದ ಚಿಗುರು ಅಗೆದು ತೆಗೆಯುವ ಕೈಗಳು ಬೇಕು. ಗುತ್ತಿಗೆದಾರನ ಕೆಳಗೆ ಬರಿಗಾಲಿನಲ್ಲಿ, ಬರಿಗೈಯಲ್ಲಿ ಈ ಮುಳ್ಳಿನೊಳಗೆ ಆಳುಗಳನ್ನು ಇಳಿಸುವುದನ್ನು ನಾನು ನೋಡಿದ್ದೇನೆ. ಕೀಲಿನ ಹತ್ತಿರ ನಾಟಿ ಮುರಿದ ಮುಳ್ಳು ಒಳಗೇ ಉಳಿದರೆ ತಿಂಗಳುಗಟ್ಟಲೆ ಊತ ಇಳಿಯುವುದಿಲ್ಲ. ಕಣ್ಣಿಗೆ ತಾಗಿದರೆ ಕೇಳುವುದೇ ಬೇಡ. ಆದುದರಿಂದ ಗಟ್ಟಿ ಬೂಟು, ಚರ್ಮದ ಕೈಚೀಲ, ಕನ್ನಡಕ, ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ವೇತನ, ಇವು ಟೆಂಡರಿನ ಕಾಗದದಲ್ಲಿ ಮಾತ್ರವಲ್ಲದೆ ಆಳಿನ ಮೈಮೇಲೆ ಕಾಣಬೇಕು. ಸವರಿದ ಸೌದೆಯನ್ನು ಹರಾಜು ಹಾಕಿ ದೂರದ ಇದ್ದಿಲಿನ ವ್ಯಾಪಾರಿಗೆ ಕೊಡುವ ಮೊದಲು, ಅಂಚಿನ ಜೋಪಡಿಗಳ ಹೆಂಗಸರಿಗೆ ಚೀಟಿ ಕೊಟ್ಟು ಒಯ್ಯಲು ಬಿಡಬೇಕು. ಸರ್ಕಾರದವರು ಮಾಡಬಹುದಾದ ಇನ್ನೊಂದು ಸಣ್ಣ ಕೆಲಸವಿದೆ, ಅದಕ್ಕೆ ಖರ್ಚೂ ಇಲ್ಲ: ಅರಣ್ಯದ ಲೆಕ್ಕ ಬರೆಯುವಾಗ ಪರದೇಶಿ ಜಾಲಿಗೆ ಬೇರೆ ಕಲಮು ಹಾಕಲಿ. ಈ ವರ್ಷ ಇಷ್ಟು ಜಾಲಿ ಇಳಿಯಿತು, ಇಷ್ಟು ಧೌ, ಇಷ್ಟು ಮುತ್ತುಗ, ಇಷ್ಟು ಬನ್ನಿ ಏರಿತು ಎಂದು ಬರೆಯಲಿ. ಆಗ ಹಸಿರು ಹೆಚ್ಚಿತೆಂಬ ಮಾತನ್ನು ನಾವು ನಂಬುತ್ತೇವೆ.

ಬನ್ನಿ ದಿಲ್ಲಿಗೆ ಹೊಸದೇನಲ್ಲ. ನಜಫಗಢದ ಕಡೆಯ ಹಳ್ಳಿಗಳಲ್ಲಿ ಇದನ್ನು ಜಾಂಟ್, ಜಾಂಡ್ ಎನ್ನುತ್ತಾರೆ. ರಾಜಸ್ಥಾನದವರ ಖೇಜಡಿಯೂ ಇದೇ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅಮೃತಾದೇವಿ ಮೊದಲಾದ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟು ಉಳಿಸಿಕೊಳ್ಳಲು ನಿಂತದ್ದು ಈ ಮರಕ್ಕಾಗಿಯೇ. ಇದರ ನೆರಳಿನಲ್ಲಿ ಸಜ್ಜೆ ಬೆಳೆಯುತ್ತದೆ, ಸೊಪ್ಪು ದನಕ್ಕೆ, ಎಳೆಗಾಯಿ ಮನುಷ್ಯರ ಪಲ್ಯಕ್ಕೆ. ಬೆಳೆಯುವುದು ಮಾತ್ರ ಬಹಳ ನಿಧಾನ. ಆ ಕಾರಣಕ್ಕೇ ಅವಸರದ ನರ್ಸರಿಗಳಲ್ಲಿ ಇದು ಸಿಗುವುದು ಕಡಿಮೆ.

ವಿಜಯಪುರದ ಹಿರಿಯರು ಊರಿಗೆ ಹೋದವರು ಬರುವಾಗ ಒಂದು ಹಿಡಿ ಬನ್ನಿಬೀಜ ತಂದರು. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಾಲಿನ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿದೆವು. ಹನ್ನೊಂದು ಮೊಳೆತವು, ಎರಡನ್ನು ಅಳಿಲು ತಿಂದಿತು. ಉಳಿದ ಒಂಬತ್ತು ನನ್ನ ಕ್ವಾರ್ಟರಿನ ಬಾಲ್ಕನಿಯಲ್ಲಿ ಒಂದು ಗೇಣು ಎತ್ತರವಾಗಿವೆ. ನೆಲದ ಮನೆಯಿದ್ದು ಅಂಗಳವಿರುವ ಬಂಧುಗಳು ಮಳೆಗಾಲ ಹಿಡಿಯುವ ಮೊದಲು ಸಂಘದಲ್ಲಿ ಹೆಸರು ಬರೆಸಿ ಒಂದೊಂದನ್ನು ಒಯ್ಯಬಹುದು. ಮೊದಲ ಎರಡು ಬೇಸಿಗೆ ನೀರು ಹಾಕಬೇಕಾಗುತ್ತದೆ, ಆಮೇಲೆ ಅದರ ಪಾಡಿಗೆ ಬಿಡಬಹುದು.